ಹಲಸಿನ ಮರ ಎಷ್ಟನೇ ಪುಟದಲ್ಲಿ

ಪುಸ್ತಕ ಬರೆಯುವುದು ಹೇಗೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕಾಫಿ ಕೊಡುತ್ತೇನೆ. ಅವರು ಕುಡಿದು ಮುಗಿಸುವವರೆಗಾದರೂ ಉತ್ತರವನ್ನು ಮುಂದೂಡಬಹುದು. ನಾನು ಬರೆದಿರುವುದು ಒಂದೇ ಪುಸ್ತಕ, ಅದೂ ಪಂಚಾಂಗಕ್ಕಿಂತ ತೆಳ್ಳಗಿದೆ. ಆದರೂ ಸಕಲೇಶಪುರದ ನಮ್ಮ ಮನೆಗೆ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ. ಕಾಲೇಜಿನ ಹುಡುಗಿಯರು ಬರುತ್ತಾರೆ, ನಿವೃತ್ತರಾದ ಮೇಷ್ಟ್ರುಗಳು ಬರುತ್ತಾರೆ, ಒಮ್ಮೆ ಬಿಸಿಲೆ ಕಡೆಯಿಂದ ಫಾರೆಸ್ಟ್ ವಾಚರ್ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಹಸ್ತಪ್ರತಿ ಸುತ್ತಿಕೊಂಡು ಬಂದಿದ್ದರು.

ಬೆಳಿಗ್ಗೆ ಬರೆಯಬೇಕೋ ಸಂಜೆಯೋ, ದಿನಕ್ಕೆ ಎಷ್ಟು ಪುಟ, ಕೈಯಲ್ಲೋ ಕಂಪ್ಯೂಟರಿನಲ್ಲೋ ಎಂದು ಎಲ್ಲರೂ ಕೇಳುತ್ತಾರೆ. ಇವಕ್ಕೆಲ್ಲ ನನ್ನಲ್ಲಿ ಉತ್ತರ ಇದೆ. ಹೈಸ್ಕೂಲಿನಿಂದ ಡೈರಿ ಇಟ್ಟವಳು ನಾನು. ಯಾವ ದಿನ ಎಷ್ಟು ಬರೆದೆ, ಎಷ್ಟು ಹರಿದೆ ಎಂಬುದು ತಾರೀಖಿನ ಸಮೇತ ಅದರಲ್ಲಿದೆ. ಆ ಲೆಕ್ಕ ಒಪ್ಪಿಸಿದರೆ ಬಂದವರು ಶ್ರದ್ಧೆಯಿಂದ ಬರೆದುಕೊಂಡು ಹೋಗುತ್ತಾರೆ. ಅದರಿಂದ ಯಾರಿಗೂ ಉಪಯೋಗವಾಗಿದ್ದು ನಾನು ಕಂಡಿಲ್ಲ. ಉಪಯೋಗಕ್ಕೆ ಬರಬಹುದಾದದ್ದು ಬೇರೆ ಇದೆ. ಅದನ್ನು ಹೇಳಲು ಹೊತ್ತು ಹಿಡಿಯುತ್ತದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೆ ಇಲ್ಲಿ ಒಂದು ಸಲ ಬರೆದಿಟ್ಟುಬಿಡುತ್ತೇನೆ.

ನನ್ನ ತವರು ಆಲೂರು ತಾಲ್ಲೂಕಿನಲ್ಲಿ, ಮಗ್ಗೆಗೂ ಕೆ. ಹೊಸಕೋಟೆಗೂ ನಡುವೆ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಇರುವ ಮನೆಗಳ ಊರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೆ ಆನೆ ಬರುವುದು ಹೆಚ್ಚಾಯಿತು. ಮೊದಮೊದಲು ಯಾವಾಗಲೋ ಒಮ್ಮೆ ಬಂದು ಹೋಗುತ್ತಿದ್ದವು. ಆಮೇಲೆ ಬಾಳೆ ಯಾವಾಗ ಗೊನೆ ಹಾಕುತ್ತದೆ, ಹಲಸು ಯಾವಾಗ ಹಣ್ಣಾಗುತ್ತದೆ ಎಂಬುದು ನಮಗಿಂತ ಮೊದಲು ಅವಕ್ಕೆ ಗೊತ್ತಾಗತೊಡಗಿತು. ಹಲಸಿನ ಹಣ್ಣಿನ ವಾಸನೆ ಹಿಡಿದರೆ ಬೇಲಿಯನ್ನೂ ನೋಡುವುದಿಲ್ಲ, ಗೋಡೆಯನ್ನೂ ನೋಡುವುದಿಲ್ಲ. ಹಾಗಾಗಿ ಊರವರು ಎಳೆಗಾಯಿ ಇರುವಾಗಲೇ ಮರ ಹತ್ತಿ ಎಲ್ಲವನ್ನೂ ಉದುರಿಸಿಬಿಡುವುದನ್ನು ರೂಢಿ ಮಾಡಿಕೊಂಡರು.

ಊರಿನ ಕೊನೆಯ ಮನೆ ನನ್ನ ಸೋದರತ್ತೆಯದು. ಅಪ್ಪನ ತಂಗಿ ಅವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಹಸು ಕಟ್ಟಿಕೊಂಡು ಒಬ್ಬರೇ ಇದ್ದರು. ಅವರ ಹಿತ್ತಲಲ್ಲಿ, ಬಾವಿಯ ಎಡಕ್ಕೆ, ಆ ಮಾವನೇ ನೆಟ್ಟ ಹಲಸಿನ ಮರವಿತ್ತು. ಅದು ಎಷ್ಟು ಎತ್ತರವಿತ್ತೆಂದರೆ ಕಾಯಿ ಉದುರಿಸಲು ಹತ್ತುವವರೇ ಸಿಗುತ್ತಿರಲಿಲ್ಲ. ಸತತ ಎರಡು ಮಳೆಗಾಲ ಆನೆ ಬಂದು ಕೊಟ್ಟಿಗೆಯ ಗೋಡೆ ಒರಗಿಸಿತು. ಮೂರನೆಯ ಬೇಸಿಗೆಯಲ್ಲಿ ಅತ್ತೆ ಯಾರನ್ನೂ ಕೇಳದೆ ಮರ ಕಡಿಸಿದರು. ಬೇರು ಚಿಗುರಬಾರದೆಂದು ಬೊಡ್ಡೆಯನ್ನೂ ಅಗೆಸಿ ತೆಗೆಸಿದರು. ಮರದಲ್ಲಿ ಅವರು ಉಳಿಸಿಕೊಂಡದ್ದು ಕೂರಲು ಒಂದು ಮಣೆ, ಅಷ್ಟೇ.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅತ್ತೆಯ ಮನೆಗೆ ಹೋದಾಗಲೂ ಡೈರಿ ಕೈಯಲ್ಲಿರುತ್ತಿತ್ತು. ಒಂದು ದಿನ ಅವರು ಖಾಲಿ ಹಿತ್ತಲನ್ನು ತೋರಿಸಿ ಹೇಳಿದರು: "ಇಲ್ಲೊಂದು ಮರ ಇತ್ತು ಅನ್ನಕ್ಕೆ ಒಂದು ಗುರ್ತೂ ಇಲ್ಲ ಈಗ. ನೀನು ದಿನಾ ಏನೇನೋ ಬರ್ಕಂತೀಯಲ್ಲ ಮಗ, ಇದುನ್ನೂ ಬರ್ದಿಡು."

ನನ್ನ ಪುಸ್ತಕ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ದೊಡ್ಡ ಯೋಜನೆ ಏನೂ ಇರಲಿಲ್ಲ. ಆ ಮರ, ಆ ಮರದ ಕೆಳಗೆ ಅತ್ತೆಯ ಇಪ್ಪತ್ತು ವರ್ಷ, ಆನೆ, ಗರಗಸ. ಸಂಜೆ ಹೊತ್ತು ಒಂದೊಂದೇ ಪುಟ ಬರೆದೆ. ದೀಪಾವಳಿಗೆ ಮೊದಲು ಮುಗಿಯಿತು, ಮೂವತ್ತೆಂಟು ಪುಟ. ಡೈರಿಯಲ್ಲಿ ಆ ದಿನದ ಎದುರು 'ಮುಗಿಯಿತು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಈಗ ನೋಡಿದರೆ ಆ ಗೆರೆ ಎಳೆದವಳ ಮೇಲೆ ಕನಿಕರ ಬರುತ್ತದೆ.

ದೀಪಾವಳಿ ಕಳೆದ ಕೂಡಲೇ ನನಗೆ ಮದುವೆ ನಿಶ್ಚಯವಾಯಿತು. ವೈಶಾಖದಲ್ಲಿ ಮುಹೂರ್ತ. ಹುಡುಗನ ಮನೆ ಸಕಲೇಶಪುರ. ಒಳ್ಳೆಯವರೇ, ಆದರೆ ಮದುವೆಯಾದ ಹೊಸದರಲ್ಲಿ ಸೊಸೆ ಪುಸ್ತಕ ಬರೆಯುತ್ತ ಕೂರುವ ಮನೆ ಅದಲ್ಲ ಎಂದು ನನಗೆ ಗೊತ್ತಿತ್ತು. ಅಚ್ಚಾಗುವುದಾದರೆ ಮದುವೆಗೆ ಮುಂಚೆ ಆಗಬೇಕು, ಇಲ್ಲದಿದ್ದರೆ ಟ್ರಂಕಿನ ತಳ ಸೇರುತ್ತದೆ. ಅಪ್ಪನಿಗೆ ಹೇಳಿದೆ. ಅಪ್ಪ ಎರಡು ದಿನ ಯೋಚಿಸಿ, ಲಗ್ನಪತ್ರಿಕೆ ಹೊಡೆಸಲು ಹಾಸನದ ಪ್ರೆಸ್ಸಿಗೆ ಹೇಗೂ ಹೋಗಬೇಕು, ಇದನ್ನೂ ಅವರಿಗೇ ಕೊಟ್ಟುಬಿಡೋಣ ಎಂದರು. ನನಗೆ ಅದಕ್ಕಿಂತ ಸಂತೋಷ ಬೇರೆ ಇರಲಿಲ್ಲ. ಆದರೆ ಹಾಗೆ ಹೇಳಿದ್ದರಿಂದ ಹಸ್ತಪ್ರತಿ ಲಗ್ನಪತ್ರಿಕೆಯ ದಾರಿ ಹಿಡಿಯಿತು.

ನಮ್ಮ ಊರಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆಯ ಕರಡು ಬರೆಯುವವರು ನನ್ನ ದೊಡ್ಡಪ್ಪ. ಸುಖಾಗಮನ ಬಯಸುವವರು ಯಾರು, ಅವರಲ್ಲಿ ಮೊದಲು ಯಾರು, ಸೋದರಮಾವಂದಿರ ಹೆಸರು ಎಡಕ್ಕೋ ಬಲಕ್ಕೋ, ಮುನಿಸಿಕೊಂಡವರನ್ನು ಯಾರ ಪಕ್ಕ ಹಾಕಬಾರದು, ಇದೆಲ್ಲ ಅವರಿಗೆ ಬಾಯಿಪಾಠ. ಹಿಂದೊಮ್ಮೆ ಒಂದು ಮದುವೆಯಲ್ಲಿ ಚಿಕ್ಕ ಮಾವನ ಹೆಸರು ಬಿಟ್ಟುಹೋಗಿ, ಅವರು ಧಾರೆಗೆ ಬಂದರೂ ಊಟಕ್ಕೆ ಕೂರದೆ ಬಸ್ಸು ಹತ್ತಿ ಹೋದರಂತೆ. ಆವತ್ತಿನಿಂದ ದೊಡ್ಡಪ್ಪ ಒಂದು ನಿಯಮ ಮಾಡಿದ್ದರು. ಕರಡನ್ನು ಜಗಲಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಬಿಟ್ಟುಹೋದವರು ಅಲ್ಲೇ ಹೇಳಬೇಕು. ಆಮೇಲೆ ಯಾರೂ ತಕರಾರು ಎತ್ತುವಂತಿಲ್ಲ.

ಪ್ರೆಸ್ಸಿಗೆ ಹೋಗುವ ಕಾಗದ ಎಂದಮೇಲೆ ನನ್ನ ಮೂವತ್ತೆಂಟು ಪುಟವೂ ಜಗಲಿಗೆ ಬಂತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದು ಭಾನುವಾರ ಪೂರ್ತಿ ಓದಿದರು. ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಮುಗಿದ ಮೇಲೆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು.

"ಚೆನ್ನಾಗಿ ಬರ್ದಿದ್ದೀಯ ಮಗ. ಆದ್ರೆ ಮೇಲ್ಮನೆಯೋರು ಎಲ್ಲವ್ರೆ ಇದ್ರಲ್ಲಿ?"

ಮೇಲ್ಮನೆ ಎಂದರೆ ನಮ್ಮೂರಿನ ಹಿರಿಯರ ಮನೆ. ಇದು ಅತ್ತೆಯ ಮರದ ಕತೆ ಎಂದೆ.

"ಆನೆ ಅವಳೊಬ್ಬಳ ಮನೆಗೇ ಬಂತಾ?"

ಬಂದದ್ದು ಎಲ್ಲರ ಮನೆಗೂ ಹೌದು. ಮೇಲ್ಮನೆಯವರದು ಒಂದು ಪುಟ ಸೇರಿಸುತ್ತೇನೆ ಎಂದು ಒಪ್ಪಿಕೊಂಡೆ.

ಆ ವಾರದಿಂದ ಆನೆಗಳು ಬರತೊಡಗಿದವು. ಕಾಫಿ ಕುಯ್ಲು ಶುರುವಾಗಿತ್ತು, ಯಾರಿಗೂ ಪುರುಸೊತ್ತಿಲ್ಲದ ಕಾಲ. ಆದರೂ ಸಂಜೆಯಾದರೆ ಒಬ್ಬರಲ್ಲ ಒಬ್ಬರು ನಮ್ಮ ಜಗಲಿಗೆ ಬಂದು ತಮ್ಮ ಮನೆಯ ಆನೆಯನ್ನು ಹೇಳಿ ಹೋಗುತ್ತಿದ್ದರು. ಮೇಲ್ಮನೆಯ ಯಜಮಾನರ ಆನೆ ಹಸುವಿಗೆಂದು ಬಾನಿಯಲ್ಲಿಟ್ಟಿದ್ದ ಕಲಗಚ್ಚನ್ನೆಲ್ಲ ಕುಡಿದು ಬಾನಿಯನ್ನು ತಿರುಗಿಸಿ ಮಗುಚಿಟ್ಟು ಹೋಗಿತ್ತು. ಕೆರೆ ಏರಿಯ ಪಕ್ಕದ ಮನೆಯಾಕೆಯ ಆನೆ ಒಣಗಲು ಹಾಕಿದ್ದ ಸೀರೆಯನ್ನು ಎಳೆದುಕೊಂಡು ಹೋಗಿ ಕಾಫಿ ಗಿಡಗಳ ಮೇಲೆ ಉದ್ದಕ್ಕೂ ಹರವಿತ್ತು. ಇನ್ನೊಬ್ಬರದು ಏನನ್ನೂ ಮಾಡಿರಲಿಲ್ಲ, ಬಂದು ನಿಂತು ನೋಡಿ ಹೋಗಿತ್ತು. ಅದನ್ನೂ ಹಾಕಬೇಕು ಎಂದರು, ಅದು ಬಂದದ್ದು ಎಲ್ಲರಿಗಿಂತ ಮೊದಲಂತೆ. ಕೊಟ್ಟಿಗೆ ಕಳೆದುಕೊಂಡ ದಾಯಾದಿ ಚಿಕ್ಕಪ್ಪನೊಬ್ಬ ಬಂದವನು ಕೂರಲೂ ಇಲ್ಲ.

"ನಿಮ್ಮತ್ತೆ ಒಂದು ಮರ ಕಡ್ಸುದ್ರೆ ಪುಸ್ತಕ ಬತ್ತೈತೆ. ನಮ್ ಕೊಟ್ಟಿಗೆನೇ ಹೋಯ್ತಲ್ಲ ಮಾರಾಯ್ತಿ, ನಮಗೊಂದು ಕರಪತ್ರಾನೂ ಇಲ್ವಾ?"

ಅವನಿಗೆ ಐದು ಪುಟ ಕೊಟ್ಟೆ.

ಕೇಳದೇ ಇದ್ದವರು ಒಬ್ಬರೇ. ಊರ ಮುಂದೆ ಬಸ್ಸು ನಿಲ್ಲುವಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಬಾಯಮ್ಮ. ಅವರ ಹಿರಿಯರು ಮಂಗಳೂರು ಕಡೆಯಿಂದ ಬಂದ ಕ್ರಿಶ್ಚಿಯನ್ನರು. ನಾನೇ ಬಾಯಿಬಿಟ್ಟು ವಿಚಾರಿಸಿದಾಗ ಸಕ್ಕರೆ ತೂಗುತ್ತಾ ಹೇಳಿದರು. ಒಂದು ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರು ಮಗ್ಗೆಯ ಕಡೆಯ ಚರ್ಚಿಗೆ ಪೂಜೆಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ್ದ ಗೋದಲಿಯ ಹುಲ್ಲನ್ನೆಲ್ಲ ಆನೆ ತಿಂದುಬಿಟ್ಟಿತ್ತು. ಮಣ್ಣಿನ ಕುರಿಗಳನ್ನು ಒಂದು ಕಡೆಗೆ ಸರಿಸಿತ್ತು. ಬಾಲಯೇಸು ಬರೀ ನೆಲದ ಮೇಲೆ ಮಲಗಿದ್ದ. ಅವನಿಗೆ ಏನೂ ಆಗಿರಲಿಲ್ಲ. "ಅವನು ಹುಟ್ಟಿದ ದಿನ ಅಲ್ವಾ, ಅದೂ ಊಟಕ್ಕೆ ಬಂದಿತ್ತು" ಎಂದು ಪೊಟ್ಟಣ ಕಟ್ಟಿ ಕೊಟ್ಟರು. ನಾನು ಬರೆದುದರಲ್ಲೆಲ್ಲ ಚೆನ್ನಾಗಿ ಬಂದದ್ದು ಆ ಎರಡು ಪುಟ.

ಡೈರಿಯಲ್ಲಿ ಪುಟಗಳ ಲೆಕ್ಕ ಏರುತ್ತಾ ಹೋಯಿತು. ಡಿಸೆಂಬರಿನಲ್ಲಿ ನೂರು ದಾಟಿತು. ಸಂಕ್ರಾಂತಿಗೆ ನೂರ ಅರವತ್ತು. ಪ್ರತಿ ಭಾನುವಾರ ಹೊಸ ಪುಟಗಳು ಜಗಲಿಯಲ್ಲಿ ಓದಿಸಿಕೊಳ್ಳುತ್ತಿದ್ದವು. ಯಾವ ಮನೆಯದು ಮೊದಲು ಬರಬೇಕೆಂದು ದೊಡ್ಡಪ್ಪ ಕ್ರಮ ಹಾಕಿದರು, ಹಿರಿಯರ ಮನೆಗಳು ಮುಂದೆ, ಹೆಣ್ಣುಮಕ್ಕಳ ಮನೆಗಳು ಹಿಂದೆ, ಲಗ್ನಪತ್ರಿಕೆಯಲ್ಲಿ ಇರುವ ಹಾಗೆ. ಹಗಲಲ್ಲಿ ಕಣದಲ್ಲಿ ಕಾಫಿ ಹರವಿ, ಸಂಜೆ ಒಟ್ಟಿ, ಆಮೇಲೆ ಕೂತು ಬರೆಯುತ್ತಿದ್ದೆ. ಪೆನ್ನು ಹಿಡಿದರೆ ಬೆರಳು ಮರಗಟ್ಟಿರುತ್ತಿದ್ದವು. ಬರೆದ ವಾಕ್ಯ ಯಾರ ಮನೆಯದೆಂದು ನನಗೇ ಮರೆತುಹೋಗುತ್ತಿತ್ತು. ಆದರೂ ಪುಟ ಹೆಚ್ಚಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಪುಸ್ತಕ ಬೆಳೆಯುತ್ತಿದೆ ಎಂದೇ ತಿಳಿದಿದ್ದೆ. ಲೆಕ್ಕ ಇಡುವವರಿಗೆ ಇರುವ ಅಪಾಯ ಇದು. ಎಣಿಸಲು ಬರುವುದೆಲ್ಲ ನಿಜ ಅನ್ನಿಸುತ್ತದೆ.

ಪ್ರೆಸ್ಸಿಗೆ ಕೊಡಲು ಫೆಬ್ರವರಿ ಕೊನೆಯವರೆಗೆ ಸಮಯವಿತ್ತು. ಅದಕ್ಕೆ ಮೊದಲು ಅತ್ತೆಗೆ ಒಂದು ಸಲ ಓದಿ ಹೇಳೋಣ ಎಂದು ಹೋದೆ. ಅವರು ಜಗಲಿಗೆ ಬಂದವರಲ್ಲ, ನಾನು ಅವರ ಮರದ ಕತೆ ಬರೆಯುತ್ತಿದ್ದೇನೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಮಣೆಯ ಮೇಲೆ ಕೂತು ಮುಂದೆ ಅವರೆಕಾಯಿ ಸುರಿದುಕೊಂಡಿದ್ದರು. ನಾನು ಮೊದಲ ಪುಟದಿಂದ ಶುರುಮಾಡಿದೆ. ಮೇಲ್ಮನೆಯ ಬಾನಿಗೆ ನಕ್ಕರು. ಸೀರೆಯ ಆನೆಗೆ ಇನ್ನೂ ಜೋರಾಗಿ ನಕ್ಕು, ಅವಳ ಆ ಸೀರೆ ನನಗೂ ಗೊತ್ತು ಎಂದರು. ಕೊಟ್ಟಿಗೆಯ ಐದು ಪುಟ ಓದುವಾಗ ತಲೆಯೆತ್ತದೆ ಕಾಯಿ ಸುಲಿದರು. ಬುಟ್ಟಿಯ ಕಾಯಿ ಪೂರ್ತಿ ಸುಲಿದು ಮುಗಿಯಿತು. ಸಿಪ್ಪೆಯನ್ನು ಒಂದು ಕಡೆಗೆ ಗುಡಿಸಿಕೊಂಡು ಕೇಳಿದರು.

"ಎಲ್ಲಾ ಚೆನ್ನಾಗೈತೆ ಕಣವ್ವ. ನನ್ ಮರ ಯಾವಾಗ ಬತ್ತೈತೆ?"

ನಾನು ಹಾಳೆ ಮಗುಚುತ್ತಾ ಹೋದೆ. ತೊಂಬತ್ತೊಂದನೇ ಪುಟದಲ್ಲಿತ್ತು. ಇನ್ನೂ ಸ್ವಲ್ಪ ಮುಂದೈತೆ ಅತ್ತೆ ಎಂದೆ.

"ಹಂಗಾದ್ರೆ ನಾಳೆ ಓದು. ಹಸುಗೆ ಹುಲ್ಲು ಹಾಕ್ಬೇಕು."

ಮಾರನೆಯ ದಿನ ಹೋಗಿ ನೇರವಾಗಿ ತೊಂಬತ್ತೊಂದನೇ ಪುಟ ತೆಗೆದೆ. ಕ್ರಮ ಹಾಕುವಾಗ ಎಲ್ಲರದೂ ಸಮವಾಗಿರಲಿ ಎಂದು ದೊಡ್ಡಪ್ಪ ಹೇಳಿದ್ದರಿಂದ ಅತ್ತೆಯ ಮೂವತ್ತೆಂಟು ಪುಟ ಕರಗುತ್ತಾ ನಾಲ್ಕಕ್ಕೆ ಇಳಿದಿತ್ತು. ಆ ನಾಲ್ಕರಲ್ಲಿ ಅರ್ಧ ಪುಟ ಗರಗಸ ಕೊಟ್ಟವರು, ಹಗ್ಗ ಹಿಡಿದವರು, ಮರ ಸಾಗಿಸಿದವರ ಹೆಸರು. ಓದಿ ಮುಗಿಸಿದೆ. ಅತ್ತೆ ಮುಂದಿನದಕ್ಕೆ ಕಾಯುತ್ತಾ ಕೂತೇ ಇದ್ದರು. ಆಮೇಲೆ ನನ್ನ ಕೈಯಲ್ಲಿದ್ದ ದಪ್ಪ ಕಟ್ಟನ್ನು ನೋಡಿದರು.

"ಅಷ್ಟೇನಾ?" ಎಂದರು.

ಕೋಪದಿಂದ ಕೇಳಿದ್ದಲ್ಲ. ಅಂಗಡಿಯಲ್ಲಿ ಪೊಟ್ಟಣ ಹಗುರವಿದ್ದರೆ ಕೇಳುತ್ತೇವಲ್ಲ, ಹಾಗೆ.

ಮನೆಗೆ ಬಂದು ಮೊದಲ ಮೂವತ್ತೆಂಟು ಪುಟವನ್ನು ಟ್ರಂಕಿನಿಂದ ತೆಗೆದೆ. ಅದರ ಮುಂದೆ ನೂರ ಅರವತ್ತು ಪುಟ ಇಟ್ಟುಕೊಂಡು ಕೂತೆ. ಮದುವೆಯ ಸೀರೆ ತರಲು ಎಲ್ಲರೂ ಹಾಸನಕ್ಕೆ ಹೋಗಿದ್ದರು, ನನಗೆ ತಲೆನೋವೆಂದು ಉಳಿದಿದ್ದೆ. ಮೇಲ್ಮನೆ ತೆಗೆದೆ, ಸೀರೆ ತೆಗೆದೆ, ಬರೀ ನೋಡಿ ಹೋದ ಆನೆಯನ್ನೂ ತೆಗೆದೆ. ಕೊಟ್ಟಿಗೆ ತೆಗೆಯುವಾಗ ಆ ಚಿಕ್ಕಪ್ಪನ ಮುಖ ಎದುರು ಬಂತು. ಗೋದಲಿಯ ಎರಡು ಪುಟಕ್ಕೆ ಬಂದಾಗ ಕೈ ಓಡಲಿಲ್ಲ. ಚೆನ್ನಾಗಿ ಬರೆದದ್ದನ್ನು ತೆಗೆಯಲು ಕಾರಣವೇ ಸಿಗುವುದಿಲ್ಲ. ಆದರೆ ಅದೂ ಆ ಮರದ ಕೆಳಗಿನದಲ್ಲ. ಅದನ್ನು ತೆಗೆದ ಮೇಲೆ ಉಳಿದದ್ದು ಸುಲಭವಾಯಿತು. ಕೊನೆಗೆ ಹಳೆಯ ಮೂವತ್ತೆಂಟು ಪುಟವೇ ಮತ್ತೆ ನಿಂತು, ಮರ ಮೊದಲ ಪುಟಕ್ಕೆ ಬಂತು. ಸೇರಿಸಿದ್ದರಲ್ಲಿ ಒಂದೆರಡು ಮಾತು ಮಾತ್ರ ಉಳಿದವು. ಹೆಸರುಗಳನ್ನು ಏನು ಮಾಡುವುದೆಂದು ಒಂದು ವಾರ ತಿಳಿಯಲಿಲ್ಲ. ಗರಗಸ ಕೊಟ್ಟವನ ಹೆಸರಿದ್ದರೆ ಹಗ್ಗ ಹಿಡಿದವನ ಹೆಸರು ಬೇಕು. ಅವನದಿದ್ದರೆ ಅವನ ಅಣ್ಣನದು. ನೂರ ಅರವತ್ತಾದದ್ದು ಹಾಗೆಯೇ.

ಎಲ್ಲ ಹೆಸರನ್ನೂ ಹೊಡೆದುಹಾಕಿ ದೊಡ್ಡಪ್ಪನ ಹತ್ತಿರ ಹೋದೆ. ಅವರು ನನ್ನ ಲಗ್ನಪತ್ರಿಕೆಯ ಕರಡು ಬರೆಯುತ್ತಿದ್ದರು. ಅದನ್ನು ಬದಿಗಿಟ್ಟು ನನ್ನ ಹಾಳೆಗಳನ್ನು ಕೊನೆಯವರೆಗೂ ತಿರುವಿ ನೋಡಿದರು.

"ಹೆಸ್ರೇ ಇಲ್ಲದ್ದನ್ನ ಯಾರವ್ವ ಓದ್ತಾರೆ?"

ಒಬ್ಬರದು ಹಾಕಿದರೆ ಎಲ್ಲರದೂ ಹಾಕಬೇಕು ಎಂದು ನೀವೇ ಹೇಳಿಕೊಟ್ಟಿದ್ದು, ಅದಕ್ಕೆ ಯಾರದೂ ಹಾಕಿಲ್ಲ ಎಂದೆ.

"ನಿಮ್ಮತ್ತೆದೂ?"

"ಅತ್ತೆದೂ ಇಲ್ಲ, ದೊಡ್ಡಪ್ಪ."

ಅವರ ನಿಯಮಕ್ಕೆ ಅವರೇ ಸಿಕ್ಕಿಕೊಂಡಿದ್ದರು. ಕಟ್ಟನ್ನು ದಾರದಿಂದ ಬಿಗಿಯಾಗಿ ಸುತ್ತಿ ನನ್ನ ಕೈಗಿಟ್ಟರು. "ಇದ್ನ ನಿನ್ನಿಷ್ಟದಂಗೆ ಹೊಡೆಸ್ಕೊ. ಪತ್ರಿಕೆ ಮಾತ್ರ ನನ್ನಿಷ್ಟ" ಎಂದು ಮತ್ತೆ ಕರಡಿಗೆ ಬಗ್ಗಿದರು.

ಎರಡೂ ಒಟ್ಟಿಗೆ ಪ್ರೆಸ್ಸಿಗೆ ಹೋದವು. ಪುಸ್ತಕ ನಲವತ್ತು ಪುಟವಾಯಿತು. ಲಗ್ನಪತ್ರಿಕೆ ಮೂರು ಮಡಿಕೆಯದಾಯಿತು, ಹಿಂಬದಿಯಲ್ಲೂ ಅಚ್ಚಿತ್ತು. ಪುಸ್ತಕದಿಂದ ತೆಗೆದ ಹೆಸರುಗಳೆಲ್ಲ ಅಲ್ಲಿ ಬಂದು ಕೂತಿದ್ದವು. ಬಾಯಮ್ಮನ ಮನೆಯವರು ಹಿತೈಷಿಗಳ ಸಾಲಿನಲ್ಲಿದ್ದರು. ಏನೂ ಮಾಡದ ಆನೆಯ ಮನೆಯವರೂ ಬಿಟ್ಟುಹೋಗಿರಲಿಲ್ಲ.

ಮದುವೆ ಆಲೂರಿನ ಛತ್ರದಲ್ಲಿ ನಡೆಯಿತು. ಪುಸ್ತಕವನ್ನು ಹೇಗೆ ಹಂಚುವುದೆಂದು ಅಪ್ಪನಿಗೆ ತಿಳಿಯದೆ, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದೊಂದು ಹಾಕಿಸಿದರು. ವೀಳ್ಯದೆಲೆಯ ತೇವಕ್ಕೆ ಎಷ್ಟೋ ಪ್ರತಿಗಳ ರಟ್ಟು ಸುಕ್ಕಾಯಿತು. ಧಾರೆ ಸೀರೆಯಲ್ಲಿ ಕೂತಿದ್ದ ನನಗೆ ಬಾಗಿಲಲ್ಲಿ ಚೀಲ ಕೊಡುವುದು ಕಾಣುತ್ತಿತ್ತು. ಯಾರೂ ಅಲ್ಲೇ ತೆರೆದು ನೋಡಲಿಲ್ಲ.

ಆಷಾಢಕ್ಕೆ ತವರಿಗೆ ಬಂದೆ. ಬಂದ ದಿನವೇ ಮೇಲ್ಮನೆಯ ಯಜಮಾನರು ದಾರಿಯಲ್ಲಿ ಸಿಕ್ಕಿ, ನಮ್ಮ ಮರವನ್ನು ಚೆನ್ನಾಗಿ ಬರೆದಿದ್ದೀಯ ಎಂದರು. ಅವರೂ ಒಂದು ಹಲಸು ಕಡಿಸಿದ್ದರಂತೆ, ನನಗೆ ಗೊತ್ತಿರಲಿಲ್ಲ. ಸೀರೆಯ ಮನೆಯಾಕೆಯೂ ಹಾಗೇ ಅಂದರು. ತನ್ನ ಪುಟ ತೆಗೆದದ್ದಕ್ಕೆ ಮಾತು ಬಿಟ್ಟಿದ್ದ ಕೊಟ್ಟಿಗೆಯ ಚಿಕ್ಕಪ್ಪ ಸಹ, ಕೊಟ್ಟಿಗೆ ಹೋದ್ರೆ ಹೋಯ್ತು, ಮರ ಆದ್ರೂ ಬಂತಲ್ಲ ಎಂದ. ಊರಲ್ಲಿ ಅಷ್ಟು ಹಲಸಿನ ಮರಗಳು ಕಡಿದುಹೋಗಿದ್ದವು. ಒಂದೊಂದು ಮನೆಯವರೂ ಅತ್ತೆಯ ಮರವನ್ನು ತಮ್ಮದೆಂದು ಓದಿಕೊಂಡಿದ್ದರು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು. ಗುರುತು ಉಳಿಯಲೆಂದು ಬರೆಸಿದವರು ಅತ್ತೆ.

ಸಂಜೆ ಅವರ ಮನೆಗೆ ಹೋದೆ. ಸುಕ್ಕಾದ ರಟ್ಟಿನ ಪ್ರತಿ ಗೋಡೆಯ ಗೂಡಿನಲ್ಲಿತ್ತು. ನಿಧಾನವಾಗಿ ಓದಿ ಮುಗಿಸಿದೆ ಎಂದರು.

"ಮೇಲ್ಮನೆಯೋಳು ಇಲ್ಲೇ ಕೂತ್ಕಂಡು, ನಮ್ ಮರಾನೇ ಬರ್ದವ್ಳೆ ನಿಮ್ ಹುಡುಗಿ ಅಂದ್ಲು ಕಣೆ. ನನ್ ಮರಾನ ನನ್ ಮುಂದೇನೇ ಹೊತ್ಕಂಡು ಹೋದ್ರು."

ಇನ್ನೊಂದು ಸಲ ಅಚ್ಚಾದರೆ ನಿಮ್ಮ ಹೆಸರು ಹಾಕಿಸುತ್ತೇನೆ ಎಂದೆ. ಅತ್ತೆ ಮಣೆಯನ್ನು ನನ್ನ ಕಡೆ ಸರಿಸಿ ತಾವು ನೆಲದ ಮೇಲೆ ಕೂತರು.

"ಬ್ಯಾಡ ಬುಡು. ನಂದು ಹಾಕಿದ್ರೆ ನಿಮ್ ದೊಡ್ಡಪ್ಪ ಮತ್ತೆ ಪಟ್ಟಿ ಹಿಡ್ಕಂಡು ಬತ್ತಾನೆ." ಗೂಡಿನ ಪುಸ್ತಕದ ಕಡೆ ಕೈ ತೋರಿಸಿದರು. "ಬಾವಿಗೆ ಎಡಕ್ಕಿತ್ತು ಅಂತ ಬರ್ದಿದ್ದೀಯಲ್ಲ, ಅಷ್ಟು ಸಾಕು. ಅವಳ ಮನೆ ಬಾವಿಗೆ ಎಡಕ್ಕೆ ರಸ್ತೆ ಐತೆ."

ಎರಡನೆಯ ಮುದ್ರಣ ಆಗಲಿಲ್ಲ. ಉಳಿದ ಪ್ರತಿಗಳು ಇಲ್ಲಿ ನನ್ನ ಮಂಚದ ಕೆಳಗಿವೆ. ಬಂದವರಿಗೆ ಕಾಫಿಯ ಜೊತೆ ಒಂದು ಕೊಡುತ್ತೇನೆ. ಬೆಳಿಗ್ಗೆಯೋ ಸಂಜೆಯೋ ಎಂದು ಅವರು ಕೇಳುತ್ತಾರೆ, ನಿಮ್ಮ ಮರ ಎಷ್ಟನೇ ಪುಟದಲ್ಲಿ ಬರುತ್ತದೆ ಎಂದು ನಾನು ಕೇಳುತ್ತೇನೆ. ಹೆಚ್ಚಿನವರಿಗೆ ಈ ಪ್ರಶ್ನೆ ಅರ್ಥವಾಗುವುದಿಲ್ಲ, ನಕ್ಕು ಎದ್ದು ಹೋಗುತ್ತಾರೆ.

ಹೋದ ವಾರ ಕಾಲೇಜಿನ ಹುಡುಗಿಯೊಬ್ಬಳು ದಪ್ಪ ಹಸ್ತಪ್ರತಿಯೊಂದನ್ನು ಬಿಟ್ಟುಹೋಗಿದ್ದಾಳೆ. ಅಜ್ಜನ ಬಗ್ಗೆ ಅಂತೆ. ಮೊದಲ ಐದು ಪುಟ ಉಪಕಾರ ಸ್ಮರಣೆಯೇ ಇದೆ, ಎಲ್ಲ ನೆಂಟರೂ ಇದ್ದಾರೆ, ಯಾರೂ ಬಿಟ್ಟುಹೋಗಿಲ್ಲ. ದಿನಕ್ಕೆ ಒಂದಿಷ್ಟರಂತೆ ಓದುತ್ತಿದ್ದೇನೆ, ಎಲ್ಲಿಗೆ ಬಂದೆ ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ. ಅಜ್ಜ ಇನ್ನೂ ಸಿಕ್ಕಿಲ್ಲ.